ಇನ್ನೊಬ್ಬರ ಉಸಿರನ್ನು ಕಾಯುವ ವಿದ್ಯೆ

ಮಳೆಗಾಲದ ಒಂದು ರಾತ್ರಿಯನ್ನು ಊಹಿಸಿಕೊಳ್ಳೋಣ. ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೈತನೊಬ್ಬನು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಾನೆ. ನಿದ್ದೆಯಲ್ಲಿರುವಾಗ ಕಟ್ಟುಹಾವು ಕಚ್ಚುವುದು. ಗಾಯದಲ್ಲಿ ಊತವಿಲ್ಲ, ಹೇಳಿಕೊಳ್ಳುವಂತಹ ನೋವೂ ಇಲ್ಲ. ಬೆಳಗಿನ ಜಾವದ ಹೊತ್ತಿಗೆ ರೆಪ್ಪೆಗಳು ಜೋಲುವುವು, ಮಾತು ತೊದಲುವುದು, ಕೊನೆಗೆ ಎದೆಯ ಸ್ನಾಯುಗಳು ಸೋತು ಉಸಿರಾಟ ನಿಲ್ಲುತ್ತ ಬರುವುದು. ವಿಚಿತ್ರವೆಂದರೆ, ಆಗಲೂ ಅವನ ಹೃದಯವು ಬಡಿಯುತ್ತಿರುವುದು. ಶ್ವಾಸಕೋಶಗಳಲ್ಲಿ ಯಾವ ರೋಗವೂ ಇರುವುದಿಲ್ಲ. ಕೆಟ್ಟಿರುವುದು ಒಂದೇ: ನರದ ಆಜ್ಞೆಯು ಸ್ನಾಯುವಿಗೆ ಮುಟ್ಟುತ್ತಿಲ್ಲ. ವಿಷನಿವಾರಕ ಮದ್ದನ್ನು ಕೊಡುವುದರ ಜೊತೆಗೆ, ನರಗಳು ಚೇತರಿಸಿಕೊಳ್ಳುವವರೆಗೆ, ಅಂದರೆ ಕೆಲವು ಗಂಟೆ ಅಥವಾ ಕೆಲವು ದಿನ, ಬೇರೊಬ್ಬರು ಆತನಿಗೆ ಉಸಿರಾಡಿಸಿದರೆ ಆತನು ಎದ್ದು ಮನೆಗೆ ನಡೆದು ಹೋಗಬಲ್ಲನು. ಉಸಿರಾಡಿಸುವವರಿಲ್ಲದಿದ್ದರೆ ಕೆಲವು ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುವುದು.

ಹಾವಿನ ವಿಷವೊಂದೇ ಅಲ್ಲ. ಬೆಳೆಗೆ ಸಿಂಪಡಿಸುವ ಕೀಟನಾಶಕವು ದೇಹವನ್ನು ಸೇರಿದವರು, ದಮ್ಮಿನಿಂದ ನರಳುವವರು, ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು ಶ್ವಾಸನಾಳಗಳನ್ನು ಕೆಡಿಸಿಕೊಂಡ ತಾಯಂದಿರು, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು, ಇವರೆಲ್ಲರಿಗೂ ಒಂದಲ್ಲ ಒಂದು ಗಳಿಗೆಯಲ್ಲಿ ಉಸಿರಿನ ಸಹಾಯ ಬೇಕಾಗುವುದು. ವೈದ್ಯರ ಆದೇಶದಂತೆ ಆ ಸಹಾಯವನ್ನು ಅಳೆದು, ಕೊಟ್ಟು, ಕಾಯುವುದನ್ನೇ ವೃತ್ತಿಯಾಗಿ ಕಲಿತವರನ್ನು ರೆಸ್ಪಿರೇಟರಿ ಥೆರಪಿಸ್ಟ್ ಎಂದು ಕರೆಯುವರು. ನಾವು ಅವರನ್ನು ಶ್ವಾಸಚಿಕಿತ್ಸಕರು ಎನ್ನೋಣ.

ಭೌತಶಾಸ್ತ್ರವನ್ನು ಬೋಧಿಸುವ ನಾವು ಈ ವೃತ್ತಿಯ ವಿಚಾರವನ್ನು ಎತ್ತಿಕೊಂಡಿರುವುದೇಕೆ ಎಂದು ಓದುಗರು ಕೇಳಬಹುದು. ಬಾಯ್ಲನ ನಿಯಮವನ್ನು ಹಲಗೆಯ ಮೇಲೆ ಬರೆದಾಗಲೆಲ್ಲ 'ಇದರಿಂದ ಏನು ಪ್ರಯೋಜನ?' ಎಂಬ ಪ್ರಶ್ನೆಯು ವಿದ್ಯಾರ್ಥಿಗಳ ಮುಖದಲ್ಲಿ ಮೂಡುವುದನ್ನು ನಾವು ಕಂಡಿದ್ದೇವೆ. ಆ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವು ಸಿಕ್ಕಲಾರದು. ಶ್ವಾಸಚಿಕಿತ್ಸೆಯ ತಳಪಾಯವೆಲ್ಲ ಪದವಿಪೂರ್ವ ತರಗತಿಯ ಭೌತಶಾಸ್ತ್ರವೇ. ಅದು ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

ಉಸಿರಿನ ಲೆಕ್ಕ

ಸುಮ್ಮನೆ ಕುಳಿತಿರುವ ಪ್ರಾಯದ ಮನುಷ್ಯನು ನಿಮಿಷಕ್ಕೆ ಸುಮಾರು 14 ಸಲ ಉಸಿರಾಡುವನು. ಒಂದೊಂದು ಸಲಕ್ಕೆ ಸುಮಾರು ಅರ್ಧ ಲೀಟರು ಗಾಳಿಯನ್ನು ಒಳಗೆಳೆಯುವನು. ಹಾಗೆಂದರೆ ನಿಮಿಷಕ್ಕೆ 7 ಲೀಟರು, ದಿನಕ್ಕೆ ಹತ್ತು ಸಾವಿರ ಲೀಟರು. ಇದರಲ್ಲಿ ದೇಹವು ಬಳಸಿಕೊಳ್ಳುವ ಆಮ್ಲಜನಕವು ನಿಮಿಷಕ್ಕೆ ಸುಮಾರು 250 ಮಿಲಿಲೀಟರು ಮಾತ್ರ.

ಗಾಳಿಯು ಒಳಗೆ ಹೋಗುವುದಾದರೂ ಹೇಗೆ? ಎದೆಯ ಕೆಳಗಿರುವ ವಪೆ ಎಂಬ ಸ್ನಾಯು ಕೆಳಕ್ಕೆ ಸರಿಯುವುದು, ಪಕ್ಕೆಲುಬುಗಳು ಮೇಲೇಳುವುವು, ಎದೆಗೂಡಿನ ಗಾತ್ರವು ಹೆಚ್ಚುವುದು. ಗಾತ್ರವು ಹೆಚ್ಚಿದರೆ ಒತ್ತಡವು ಕುಗ್ಗುವುದೆಂದು 1662ರಲ್ಲಿ ಬಾಯ್ಲನು ಪ್ರಕಟಿಸಿದ ನಿಯಮವು ಹೇಳುವುದಷ್ಟೆ. ಹೊರಗಿನ ಒತ್ತಡಕ್ಕಿಂತ ಒಳಗಿನದು ಒಂದೆರಡು ಸೆಂಟಿಮೀಟರು ನೀರಿನಷ್ಟು ಕಡಿಮೆಯಾದರೆ ಸಾಕು, ಗಾಳಿಯು ತಾನಾಗಿಯೇ ನುಗ್ಗುವುದು. ಎದೆಯು ಗಾಳಿಯನ್ನು ಎಳೆಯುವುದೆಂದು ನಾವು ಹೇಳುವುದು ವಾಡಿಕೆ. ನಿಜವಾಗಿ ವಾತಾವರಣವೇ ಅದನ್ನು ಒಳಗೆ ತಳ್ಳುವುದು.

ಹಾವಿನ ವಿಷದಿಂದ ವಪೆಯು ನಿಂತಾಗ ಎರಡು ಉಪಾಯಗಳಿವೆ. ಎದೆಯ ಹೊರಗಿನ ಒತ್ತಡವನ್ನು ಕಡಿಮೆ ಮಾಡಿ ಎದೆಯನ್ನು ಹಿಗ್ಗಿಸಬಹುದು. ಇಲ್ಲವೇ ಬಾಯಿಯ ಕಡೆಯಿಂದ ಒತ್ತಡವನ್ನು ಹೆಚ್ಚಿಸಿ ಗಾಳಿಯನ್ನು ಒಳಗೆ ನೂಕಬಹುದು. ಮೊದಲನೆಯ ಉಪಾಯದಿಂದ ಹುಟ್ಟಿದುದು 1928ರಲ್ಲಿ ಅಮೆರಿಕದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ಅವರು ನಿರ್ಮಿಸಿದ ಕಬ್ಬಿಣದ ಶ್ವಾಸಕೋಶ. ರೋಗಿಯ ತಲೆಯೊಂದನ್ನು ಹೊರಗಿಟ್ಟು ಮೈಯೆಲ್ಲವನ್ನೂ ಒಂದು ದೊಡ್ಡ ಪೀಪಾಯಿಯಲ್ಲಿ ಮುಚ್ಚಿ, ಅದರೊಳಗಿನ ಒತ್ತಡವನ್ನು ಏರಿಳಿಸುತ್ತಿದ್ದರು. ಎರಡನೆಯ ಉಪಾಯವು ಗೆದ್ದ ಕಥೆಯನ್ನು ವಿದ್ಯಾರ್ಥಿಗಳಾದವರು ತಪ್ಪದೆ ತಿಳಿದಿರಬೇಕು.

ಕೋಪನ್‌ಹೇಗನ್ ನಗರದ ವಿದ್ಯಾರ್ಥಿಗಳು

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು ಹಬ್ಬಿತು. ಬ್ಲೆಗ್‌ಡಾಮ್ ಆಸ್ಪತ್ರೆಗೆ ಉಸಿರಾಡಲಾರದ ರೋಗಿಗಳು ದಿನದಿನವೂ ಬರತೊಡಗಿದರು. ಅಲ್ಲಿ ಕಬ್ಬಿಣದ ಶ್ವಾಸಕೋಶವಿದ್ದುದು ಒಂದೇ. ಎದೆಗೆ ಮಾತ್ರ ತೊಡಿಸುವ ಚಿಕ್ಕ ಯಂತ್ರಗಳಿದ್ದುವು ಆರು. ಮೊದಲ ವಾರಗಳಲ್ಲಿ ಆ ಯಂತ್ರಗಳಿಂದ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ಸತ್ತರು. ಅರಿವಳಿಕೆ ತಜ್ಞನಾದ ಬ್ಯೋರ್ನ್ ಇಬ್ಸೆನ್ ಎಂಬಾತನು ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕುತ್ತಿಗೆಯ ಮೂಲಕ ಕೊಳವೆಯನ್ನು ಸೇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಚುಕುತ್ತ ಆಮ್ಲಜನಕವನ್ನು ಒಳಗೆ ನೂಕಿದನು. ಬಾಲಕಿಯು ಉಳಿದಳು.

ಆದರೆ ಚೀಲವನ್ನು ಹಗಲಿರುಳೂ ಹಿಚುಕುವವರು ಯಾರು? ಸುಮಾರು 1500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಬಂದು ಕುಳಿತರು. ವಾರಗಟ್ಟಲೆ, ತಿಂಗಳುಗಟ್ಟಲೆ, ಒಬ್ಬೊಬ್ಬ ರೋಗಿಯ ತಲೆದಿಸೆಯಲ್ಲಿ ಒಬ್ಬೊಬ್ಬರು ಕೈ ನಿಲ್ಲಿಸದೆ ಉಸಿರನ್ನು ಕೊಟ್ಟರು. ಸಾವಿನ ಪ್ರಮಾಣವು ಅರ್ಧದಷ್ಟಕ್ಕೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಚರಿತ್ರೆಯು ಆ ವಿದ್ಯಾರ್ಥಿಗಳ ಕೈಗಳಿಂದಲೇ ಆರಂಭವಾಗುವುದೆಂದರೆ ತಪ್ಪಾಗದು. ಇತ್ತ ಅಮೆರಿಕದಲ್ಲಿ ಆಮ್ಲಜನಕ ಕೊಡುವ ಕೆಲಸವನ್ನು ಮಾಡುತ್ತಿದ್ದವರು 1947ರಲ್ಲಿಯೇ ಷಿಕಾಗೊ ನಗರದಲ್ಲಿ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಸಿಲಿಂಡರುಗಳನ್ನು ಉರುಳಿಸಿಕೊಂಡು ಬರುವ ಆಳಿನ ಕೆಲಸವೆಂದು ಎಣಿಸಲ್ಪಟ್ಟಿದ್ದ ಆ ಉದ್ಯೋಗವು ಕ್ರಮೇಣ ಪದವಿ ವ್ಯಾಸಂಗವುಳ್ಳ ವೃತ್ತಿಯಾಯಿತು.

ಬೀದರಿನ ಗಾಳಿ

ಗಾಳಿಯ ನೂರು ಪಾಲಿನಲ್ಲಿ 21 ಪಾಲು ಆಮ್ಲಜನಕ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡವು 760 ಮಿಲಿಮೀಟರು ಪಾದರಸದಷ್ಟು. ಬೀದರ ನಗರವು ಸಮುದ್ರಮಟ್ಟಕ್ಕಿಂತ ಸುಮಾರು 670 ಮೀಟರು ಎತ್ತರದ ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲಿದೆಯಾದ್ದರಿಂದ ಇಲ್ಲಿ ಒತ್ತಡವು ಸುಮಾರು 700 ಮಿಲಿಮೀಟರು. ಮೂಗಿನಲ್ಲಿ ಒಳಹೊಕ್ಕ ಗಾಳಿಯು ತೇವಗೊಂಡಾಗ ನೀರಾವಿಯು ಅದರಲ್ಲಿ 47 ಮಿಲಿಮೀಟರನ್ನು ಆಕ್ರಮಿಸುವುದು. ಉಳಿದ 653ರಲ್ಲಿ 21 ಪಾಲೆಂದರೆ 137. ವಾಯುಕೋಶಗಳಲ್ಲಿ ಇಂಗಾಲದ ಡೈಆಕ್ಸೈಡಿಗೆ ಎಡೆ ಬಿಡಬೇಕಾದುದರಿಂದ ಇನ್ನೂ 50ರಷ್ಟನ್ನು ಕಳೆದರೆ ಉಳಿಯುವುದು 87. ಇದೇ ಲೆಕ್ಕವನ್ನು ಮಂಗಳೂರಿನ ಕಡಲತೀರಕ್ಕೆ ಮಾಡಿದರೆ ಸುಮಾರು 100 ಬರುವುದು. ಅನಿಲಗಳ ಮಿಶ್ರಣದಲ್ಲಿ ಪ್ರತಿಯೊಂದು ಅನಿಲವೂ ತನ್ನ ಪಾಲಿನ ಒತ್ತಡವನ್ನು ತಾನೇ ಬೀರುವುದೆಂಬ ಡಾಲ್ಟನ್ನನ ನಿಯಮವೇ ಇದರ ಆಧಾರ. ಬೀದರಿನ ವಾಯುಪಡೆಯ ನಿಲ್ದಾಣದಿಂದ ಮೇಲೇರುವ ವಿಮಾನಚಾಲಕರು ಮುಖವಾಡವನ್ನು ತೊಡುವುದಕ್ಕೂ ಇದೇ ಕಾರಣ.

ಹಾಗಾದರೆ ಬೀದರಿನವರಿಗೆ ಆಮ್ಲಜನಕದ ಕೊರತೆಯೇ? ಇಲ್ಲ. ರಕ್ತದ ಹಿಮೋಗ್ಲೋಬಿನ್ನು 100 ಮಿಲಿಮೀಟರಿನಲ್ಲಿ ನೂರಕ್ಕೆ 97ರಷ್ಟು ತುಂಬಿದರೆ 87ರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ತುಂಬುವುದು. 60ಕ್ಕೆ ಇಳಿದಾಗಲೂ 90ರಷ್ಟು ಇರುವುದು. ಆದರೆ 40ಕ್ಕೆ ಬಂದಾಗ 75ಕ್ಕೆ ಜಾರುವುದು. ಎಂದರೆ, ಮೇಲೆ ಬಹುದೂರ ಸಮತಟ್ಟಾಗಿದ್ದು ಆಮೇಲೆ ಕಡಿದಾಗಿ ಇಳಿಯುವ ಗುಡ್ಡದಂತೆ ಇದರ ರೇಖೆ. ನೂರಕ್ಕೆ 90 ಎಂಬ ಅಂಕವನ್ನು ಪರೀಕ್ಷೆಯಲ್ಲಿ ಪಡೆದವರು ಸಂತೋಷಪಡಬಹುದು. ರಕ್ತದ ಆಮ್ಲಜನಕದಲ್ಲಿ 90 ಎಂದರೆ ಗುಡ್ಡದ ಅಂಚಿಗೆ ಬಂದಂತೆ. ಶ್ವಾಸಚಿಕಿತ್ಸಕರು ಮೊದಲು ಕಲಿಯುವ ಎಚ್ಚರವು ಇದು.

ಸಿಲಿಂಡರು ಎಷ್ಟು ಹೊತ್ತು ಬಂದೀತು?

ಔರಾದವಾಗಲಿ ಭಾಲ್ಕಿಯಾಗಲಿ ಬೀದರಿನಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ತಾಲ್ಲೂಕು ಆಸ್ಪತ್ರೆಯಿಂದ ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ರೋಗಿಯನ್ನು ಸಾಗಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ವಾಹನದಲ್ಲಿರುವುದು 10 ಲೀಟರು ನೀರು ಹಿಡಿಯುವ ಬಿ ಮಾದರಿಯ ಸಿಲಿಂಡರು. ಅದನ್ನು ಪೂರ್ತಿ ತುಂಬಿದಾಗ ಒತ್ತಡವು ವಾತಾವರಣದ 150 ಪಟ್ಟು. ಬಾಯ್ಲನ ನಿಯಮದಂತೆ ಹೊರಗೆ ಬಂದ ಅನಿಲದ ಗಾತ್ರವು 10 × 150, ಎಂದರೆ 1500 ಲೀಟರು. ರೋಗಿಗೆ ನಿಮಿಷಕ್ಕೆ 10 ಲೀಟರು ಬೇಕಾದರೆ 150 ನಿಮಿಷ ಬರುವುದು. ದಾರಿಗೆ ಧಾರಾಳವಾಗಿ ಸಾಕು.

ಆದರೆ ಹಿಂದಿನ ರೋಗಿಗೆ ಬಳಸಿದ ಮೇಲೆ ಸಿಲಿಂಡರಿನ ಮಾಪಕವು 40ನ್ನು ತೋರಿಸುತ್ತಿದ್ದರೆ? ಉಳಿದಿರುವುದು 400 ಲೀಟರು. ಕೇವಲ 40 ನಿಮಿಷ. ಕಬ್ಬಿಣದ ಸಿಲಿಂಡರನ್ನು ಹೊರಗಿನಿಂದ ನೋಡಿದರೆ ತುಂಬಿದ್ದಕ್ಕೂ ಬರಿದಾದುದಕ್ಕೂ ಭೇದ ಕಾಣದು. ಮಾಪಕವನ್ನು ಓದಿ, ಮನಸ್ಸಿನಲ್ಲಿ ಒಂದು ಗುಣಾಕಾರ, ಒಂದು ಭಾಗಾಕಾರ ಮಾಡಿ, 'ಇದು ಸಾಲದು, ಇನ್ನೊಂದನ್ನು ತನ್ನಿ' ಎಂದು ಹೊರಡುವ ಮೊದಲೇ ಹೇಳುವವರೊಬ್ಬರು ಇದ್ದರೆ ರೋಗಿಯು ಬದುಕಿದನು. ನಾವು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಲೆಕ್ಕದ ನಿಜವಾದ ಬೆಲೆಯು ಇಷ್ಟು.

ಕೋವಿಡ್ ರೋಗದ ಎರಡನೆಯ ಅಲೆಯು ಬಂದ 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ದೇಶದಲ್ಲೆಲ್ಲ ಆಮ್ಲಜನಕಕ್ಕೆ ಹಾಹಾಕಾರವೆದ್ದುದನ್ನು ಓದುಗರು ಮರೆತಿರಲಾರರು. ಅದರ ಕಾರಣವೂ ಇದೇ ಲೆಕ್ಕದಲ್ಲಿ ಅಡಗಿದೆ. ಡಿ ಮಾದರಿಯ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7000 ಲೀಟರು ಅನಿಲವಿರುವುದು. ಮೂಗಿನ ಮೂಲಕ ರಭಸವಾಗಿ ಆಮ್ಲಜನಕವನ್ನು ಕೊಡುವ ಉಪಕರಣವು ನಿಮಿಷಕ್ಕೆ 60 ಲೀಟರು ನುಂಗಿದರೆ ಆ ದೊಡ್ಡ ಸಿಲಿಂಡರು ಎರಡು ಗಂಟೆಯೂ ಬಾರದು. ದ್ರವರೂಪದ ಆಮ್ಲಜನಕವನ್ನು ಸೊನ್ನೆಗಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಸಂಗ್ರಹಿಸುವುದು ಇದಕ್ಕಾಗಿಯೇ; ಅದರ ಒಂದು ಲೀಟರು ಆವಿಯಾದಾಗ 860 ಲೀಟರಿನಷ್ಟು ಅನಿಲವಾಗುವುದು. ಅಂದಿನಿಂದ ಅನೇಕ ಆಸ್ಪತ್ರೆಗಳಲ್ಲಿ ಸ್ಥಾಪಿತವಾದ ಉತ್ಪಾದನಾ ಘಟಕಗಳು ಜಿಯೊಲೈಟ್ ಎಂಬ ಖನಿಜದ ಹರಳುಗಳಿಂದ ಗಾಳಿಯ ಸಾರಜನಕವನ್ನು ಹಿಡಿದಿಟ್ಟುಕೊಂಡು ನೂರಕ್ಕೆ 93ರಷ್ಟು ಶುದ್ಧವಾದ ಆಮ್ಲಜನಕವನ್ನು ಅಲ್ಲಿಯೇ ಒದಗಿಸುವುವು. ಯಂತ್ರವನ್ನು ಕೊಳ್ಳುವುದು ಸುಲಭ. ಅದರ ಅನಿಲವನ್ನು ರೋಗಿಗೆ ತಕ್ಕಷ್ಟು ಅಳೆದುಕೊಡಲು ಕಲಿತ ಕೈ ಬೇಕು.

ಕೊಳವೆ ಮತ್ತು ಗುಳ್ಳೆ

ಕೊಳವೆಯಲ್ಲಿ ನಯವಾಗಿ ಹರಿಯುವ ದ್ರವಕ್ಕೆ ಇರುವ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದೆಂದು ಪ್ವಾಸೆಯ್ ಎಂಬ ಫ್ರೆಂಚ್ ವಿಜ್ಞಾನಿಯು ತೋರಿಸಿದನು. ಅನಿಲದ ನಯವಾದ ಹರಿವಿಗೂ ಇದು ಸಲ್ಲುವುದು. ದಮ್ಮಿನ ರೋಗಿಯ ಶ್ವಾಸನಾಳದ ತ್ರಿಜ್ಯವು ಅರ್ಧವಾದರೆ ತಡೆಯು ಇಮ್ಮಡಿಯಾಗುವುದಿಲ್ಲ, ಹದಿನಾರು ಪಟ್ಟಾಗುವುದು! ಅದೇ ಕಾರಣದಿಂದ, ಔಷಧದ ಹನಿಗಳನ್ನು ಮಂಜಿನಂತೆ ಒಳಗೆ ಬಿಟ್ಟು ನಾಳವನ್ನು ಕೂದಲೆಳೆಯಷ್ಟು ಹಿಗ್ಗಿಸಿದರೂ ರೋಗಿಗೆ ಎಷ್ಟೋ ಹಾಯೆನಿಸುವುದು.

ಇನ್ನು ಗುಳ್ಳೆಯ ವಿಚಾರ. ಶ್ವಾಸಕೋಶದಲ್ಲಿ ಮೂವತ್ತು ಕೋಟಿಗೂ ಹೆಚ್ಚು ವಾಯುಕೋಶಗಳಿವೆ. ಒಂದೊಂದೂ ಒಳಗೆ ತೇವವಿರುವ ಪುಟ್ಟ ಗುಳ್ಳೆ. ಲಪ್ಲಾಸನ ನಿಯಮದಂತೆ ಗುಳ್ಳೆಯು ಚಿಕ್ಕದಾದಷ್ಟೂ ಅದನ್ನು ಮುಚ್ಚದಂತೆ ಹಿಡಿದಿಡಲು ಬೇಕಾಗುವ ಒತ್ತಡವು ಹೆಚ್ಚು. ಹಾಗಿದ್ದರೂ ನಮ್ಮ ವಾಯುಕೋಶಗಳು ಮುಚ್ಚಿಹೋಗದಿರುವುದು ಅವುಗಳ ಒಳಮೈಗೆ ಸವರಿರುವ, ಸಾಬೂನಿನಂತೆ ಮೇಲ್ಮೈ ಎಳೆತವನ್ನು ತಗ್ಗಿಸುವ ಒಂದು ವಸ್ತುವಿನಿಂದ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಈ ವಸ್ತುವು ಸಾಲದಿರುವುದರಿಂದಲೇ ಉಸಿರಾಟದ ಸಂಕಟವುಂಟಾಗುವುದೆಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಎಂಬವರು ತೋರಿಸಿಕೊಟ್ಟರು.

ಅದಕ್ಕೆ 1971ರಲ್ಲಿ ಜಾರ್ಜ್ ಗ್ರೆಗರಿ ಎಂಬ ವೈದ್ಯನು ಪ್ರಕಟಿಸಿದ ಉಪಾಯವೆಂದರೆ, ಉಸಿರು ಬಿಟ್ಟಾಗಲೂ ಕೂಸಿನ ಶ್ವಾಸಕೋಶದಲ್ಲಿ ಸ್ವಲ್ಪ ಒತ್ತಡವು ಸದಾ ಉಳಿಯುವಂತೆ ಮಾಡುವುದು. ಇಂದು ಇದನ್ನು ಅತಿ ಸರಳವಾದ ರೀತಿಯಲ್ಲಿಯೂ ಮಾಡುವರು: ಹೊರಬರುವ ಗಾಳಿಯ ಕೊಳವೆಯ ತುದಿಯನ್ನು ನೀರಿನ ಸೀಸೆಯಲ್ಲಿ 5 ಸೆಂಟಿಮೀಟರು ಆಳಕ್ಕೆ ಮುಳುಗಿಸಿದರೆ, ಕೂಸಿನ ಶ್ವಾಸಕೋಶದಲ್ಲಿ 5 ಸೆಂಟಿಮೀಟರು ನೀರಿನಷ್ಟು ಒತ್ತಡವು ನಿಲ್ಲುವುದು. ಪ್ರೌಢಶಾಲೆಯಲ್ಲಿ ಓದಿದ ದ್ರವಸ್ತಂಭದ ಒತ್ತಡವು ಇಲ್ಲಿ ಗುಳುಗುಳು ಸದ್ದು ಮಾಡುತ್ತ ಒಂದು ಜೀವವನ್ನು ಕಾಯುತ್ತಿರುವುದು.

ಬೆಳಕಿನ ಸಾಕ್ಷಿ, ಯಂತ್ರದ ಮಿತಿ

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಈಗ ಎಲ್ಲರೂ ಬಲ್ಲರು. ಇದರ ತತ್ತ್ವವನ್ನು 1974ರಲ್ಲಿ ಜಪಾನಿನ ತಕುವೊ ಅವೊಯಾಗಿ ಎಂಬ ಎಂಜಿನಿಯರನು ಪ್ರಕಟಿಸಿದನು. 660 ನ್ಯಾನೊಮೀಟರು ತರಂಗಾಂತರದ ಕೆಂಪು ಬೆಳಕನ್ನೂ 940 ನ್ಯಾನೊಮೀಟರಿನ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯೊಡನೆ ಮಿಡಿಯುವ ರಕ್ತವು ಎರಡನ್ನೂ ಎಷ್ಟೆಷ್ಟು ಹೀರಿಕೊಳ್ಳುವುದೆಂಬುದನ್ನು ಹೋಲಿಸಿದರೆ, ಹಿಮೋಗ್ಲೋಬಿನ್ನಿನ ಎಷ್ಟು ಪಾಲು ಆಮ್ಲಜನಕದಿಂದ ತುಂಬಿದೆಯೆಂಬುದು ತಿಳಿಯುವುದು. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಕಾರ್ಬನ್ ಮಾನಾಕ್ಸೈಡನ್ನು ಉಸಿರಾಡಿದವರಲ್ಲಿ ಈ ಉಪಕರಣವು ಮೋಸಹೋಗುವುದು. ವಿಷ ತುಂಬಿದ ಹಿಮೋಗ್ಲೋಬಿನ್ನನ್ನೂ ಅದು ಒಳ್ಳೆಯದೆಂದೇ ತೋರಿಸುವುದು. ಅಂಕವನ್ನು ನಂಬುವುದಕ್ಕೆ ಮೊದಲು ಅಂಕವು ಎಲ್ಲಿಂದ ಬಂದಿತೆಂಬುದನ್ನು ತಿಳಿದಿರಬೇಕು.

ಆಮ್ಲಜನಕವೂ ಒಂದು ಔಷಧವೇ, ಅದಕ್ಕೂ ಪ್ರಮಾಣವುಂಟು. 1940ರ ದಶಕದಲ್ಲಿ ಅಕಾಲದಲ್ಲಿ ಹುಟ್ಟಿದ ಕೂಸುಗಳಿಗೆ ಒಳ್ಳೆಯದಾಗಲೆಂದು ಧಾರಾಳವಾಗಿ ಆಮ್ಲಜನಕವನ್ನು ಕೊಡುತ್ತಿದ್ದರು. ಅನೇಕ ಕೂಸುಗಳು ಕುರುಡಾದುವು. ಆಮ್ಲಜನಕದ ಅತಿಯೇ ಅದಕ್ಕೆ ಕಾರಣವೆಂಬುದು 1950ರ ದಶಕದ ಮಧ್ಯದಲ್ಲಿ ನಡೆದ ಪ್ರಯೋಗಗಳಿಂದ ಸ್ಥಿರಪಟ್ಟಿತು. ವೆಂಟಿಲೇಟರಿನ ಕಥೆಯೂ ಇಂತಹದೇ. ತೀವ್ರವಾಗಿ ಹಾನಿಗೊಂಡ ಶ್ವಾಸಕೋಶಗಳಿಗೆ ಒಂದೊಂದು ಉಸಿರಿಗೆ ದೇಹತೂಕದ ಕಿಲೋಗ್ರಾಮಿಗೆ 12 ಮಿಲಿಲೀಟರಿನಂತೆ ಗಾಳಿ ತುಂಬಿದಾಗ ನೂರರಲ್ಲಿ ಸುಮಾರು 40 ಮಂದಿ ಸತ್ತರೆ, 6 ಮಿಲಿಲೀಟರಿಗೆ ಇಳಿಸಿದಾಗ ಸತ್ತವರು 31 ಎಂದು ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಇಲ್ಲಿ ತೂಕವೆಂದರೆ ತಕ್ಕಡಿಯಲ್ಲಿ ಕಂಡ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಏಕೆಂದರೆ ಮನುಷ್ಯನು ದಪ್ಪನಾದನೆಂದು ಅವನ ಶ್ವಾಸಕೋಶವು ದೊಡ್ಡದಾಗುವುದಿಲ್ಲ. ಯಂತ್ರದ ಗುಂಡಿಯನ್ನು ಒಂದಿಷ್ಟು ಆಚೀಚೆ ತಿರುಗಿಸುವುದರಲ್ಲಿ ನೂರಕ್ಕೆ ಒಂಬತ್ತು ಜೀವಗಳ ಅಂತರವಿದ್ದಿತೆಂಬುದನ್ನು ಗಮನಿಸಬೇಕು.

ವ್ಯಾಸಂಗದ ಕ್ರಮ

ಪದವಿಪೂರ್ವ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ ತೇರ್ಗಡೆಯಾದವರು ಈ ವ್ಯಾಸಂಗಕ್ಕೆ ಸೇರಬಹುದು. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಬಿ.ಎಸ್‌ಸಿ. ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಈ ಪದವಿಯನ್ನು ನಡೆಸುವುದು. ಮಣಿಪಾಲದಲ್ಲಿಯೂ ಇದರ ಬೋಧನೆಯುಂಟು. ಮೂರು ವರ್ಷ ತರಗತಿಯ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ, ಹೀಗೆ ನಾಲ್ಕು ವರ್ಷಗಳಾಗುವುದು ವಾಡಿಕೆಯ ಕ್ರಮ. ಮೊದಲು ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಗಳು, ಔಷಧಗಳು. ಆಮೇಲೆ ಅನಿಲೋಪಕರಣಗಳು, ಶ್ವಾಸಕೋಶದ ರೋಗಗಳು, ವೆಂಟಿಲೇಟರು, ನವಜಾತ ಶಿಶುಗಳ ಆರೈಕೆ. ಅಪಧಮನಿಯ ರಕ್ತದಲ್ಲಿ ಆಮ್ಲತೆಯನ್ನೂ ಅನಿಲಗಳನ್ನೂ ಅಳೆದು ಅರ್ಥ ಹೇಳುವುದು, ಕಫವನ್ನು ಹೀರಿ ತೆಗೆಯುವುದು, ರೋಗಿಯನ್ನು ಯಂತ್ರದಿಂದ ಮೆಲ್ಲನೆ ಬಿಡಿಸುವುದು, ಇವೆಲ್ಲ ಕೈಯಿಂದ ಕಲಿಯತಕ್ಕವು.

2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಈ ವೃತ್ತಿಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಆದುದರಿಂದ ಯಾವ ಕಾಲೇಜಿಗೆ ಸೇರುವ ಮೊದಲೂ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆಯಿದೆಯೇ, ತರಬೇತಿಗೆ ರೋಗಿಗಳುಳ್ಳ ದೊಡ್ಡ ಆಸ್ಪತ್ರೆಯಿದೆಯೇ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಸಂವಿಧಾನದ 371ಜೆ ವಿಧಿಯನ್ವಯ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಮೀಸಲಾತಿಯುಂಟು. ಅದರ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರ ಕಛೇರಿಯಿಂದ ಫಲಿತಾಂಶಕ್ಕೆ ಮೊದಲೇ ಪಡೆದಿಟ್ಟುಕೊಳ್ಳುವುದು ಜಾಣತನ.

ಈ ವೃತ್ತಿಯು ಸುಲಭವಾದುದೆಂದು ನಾವು ಹೇಳುವುದಿಲ್ಲ. ರಾತ್ರಿಯ ಪಾಳಿಯುಂಟು, ಕ್ಷಯ ಮೊದಲಾದ ಅಂಟುರೋಗಗಳ ಸಮೀಪದಲ್ಲಿರಬೇಕಾಗುವುದು, ಪ್ರಯತ್ನಿಸಿಯೂ ರೋಗಿಯನ್ನು ಉಳಿಸಲಾಗದ ದಿನಗಳು ಬರುವುವು. ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಈ ಹುದ್ದೆ ಇದೆಯೆಂದು ನಂಬಿ ಹೊರಡಬಾರದು. ಚಿಕ್ಕ ಆಸ್ಪತ್ರೆಗಳಲ್ಲಿ ಈ ಕೆಲಸವನ್ನು ದಾದಿಯರೇ ಮಾಡುವುದುಂಟು. ಆದರೂ ನಮ್ಮ ಜಿಲ್ಲೆಯ ಮಕ್ಕಳಿಗೆ ಪುಸ್ತಕದಿಂದ ಬಾರದ ಒಂದು ಬಂಡವಾಳವಿದೆ. ಉಸಿರಿನ ಪರೀಕ್ಷೆಯು ರೋಗಿಯ ಸಹಕಾರವಿಲ್ಲದೆ ನಡೆಯದು. ಹೇಳಿದುದು ಆತನಿಗೆ ತಿಳಿಯದಿದ್ದರೆ ಯಂತ್ರವು ತಪ್ಪು ಅಂಕವನ್ನೇ ಬರೆಯುವುದು. 'ಉಸಿರು ಜೋರಾಗಿ ಎಳಕೊಳ್ರಿ' ಎಂದು ಕನ್ನಡದಲ್ಲಿಯೂ, 'ಲಂಬೀ ಸಾಂಸ್ ಲೀಜಿಯೇ' ಎಂದು ಉರ್ದುವಿನಲ್ಲಿಯೂ, 'ದೀರ್ಘ ಶ್ವಾಸ ಘ್ಯಾ' ಎಂದು ಮರಾಠಿಯಲ್ಲಿಯೂ ಒಂದೇ ಉಸಿರಿಗೆ ಹೇಳಬಲ್ಲವರು ಬೀದರ, ಭಾಲ್ಕಿ, ಔರಾದಗಳ ಓಣಿಗಳಲ್ಲಿ ಬೆಳೆದವರಲ್ಲದೆ ಮತ್ತಾರು?

ಮೊದಲು ಊಹಿಸಿಕೊಂಡ ರೈತನನ್ನು ಮತ್ತೆ ನೆನೆಯೋಣ. ಅವನ ಹಳ್ಳಿಗೂ ಬೀದರಿನ ವೆಂಟಿಲೇಟರಿಗೂ ನಡುವೆ ಒಂದು ಗಂಟೆಯ ದಾರಿಯಿದೆ. ಮಾಪಕವನ್ನು ಓದಬಲ್ಲ, ಚೀಲವನ್ನು ಹದವರಿತು ಹಿಚುಕಬಲ್ಲ, ಎದೆಯು ಏರುವುದನ್ನು ಕಣ್ಣಿಟ್ಟು ನೋಡಬಲ್ಲ ಒಬ್ಬರು ವಾಹನದಲ್ಲಿ ಅವನ ತಲೆದಿಸೆಯಲ್ಲಿ ಕುಳಿತಿದ್ದರೆ ಆ ದಾರಿಯು ದಾಟತಕ್ಕದ್ದು, ಇಲ್ಲದಿದ್ದರೆ ದಾಟಲಾಗದ್ದು. ಆ ಜಾಗದಲ್ಲಿ ಕುಳಿತುಕೊಳ್ಳತಕ್ಕವರು ಇಂದು ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆಗಲಿ ಎಂಬುದು ನಮ್ಮ ಬಯಕೆ.

ಅಭ್ಯಾಸ

1. 10 ಲೀಟರಿನ ಸಿಲಿಂಡರಿನ ಮಾಪಕವು 60ನ್ನು ತೋರಿಸುತ್ತಿದೆ. ರೋಗಿಗೆ ನಿಮಿಷಕ್ಕೆ 8 ಲೀಟರು ಬೇಕು. ದಾರಿ ಒಂದು ಗಂಟೆ. ಹೊರಡಬಹುದೇ?
2. ಒಂದು ಪಾಲು ಶುದ್ಧ ಆಮ್ಲಜನಕಕ್ಕೆ ಮೂರು ಪಾಲು ಹೊರಗಿನ ಗಾಳಿ ಬೆರೆಯುವ ಮುಖವಾಡದಲ್ಲಿ ರೋಗಿಗೆ ಸಿಕ್ಕುವ ಆಮ್ಲಜನಕವು ನೂರಕ್ಕೆ ಎಷ್ಟು?
3. ಶ್ವಾಸನಾಳದ ತ್ರಿಜ್ಯವು ಮೂರರಲ್ಲಿ ಎರಡು ಪಾಲಿಗೆ ಇಳಿದರೆ ತಡೆಯು ಎಷ್ಟು ಪಟ್ಟಾಗುವುದು?

ಉತ್ತರಗಳು: 1. ಅನಿಲವು 75 ನಿಮಿಷ ಬರುವುದು, ಲೆಕ್ಕಕ್ಕೆ ಸಾಕು. ಆದರೆ ದಾರಿಯಲ್ಲಿ ಗಾಲಿಯೊಂದು ಕೆಟ್ಟರೂ ಸಾಲದು. ಆದ್ದರಿಂದ ಇನ್ನೊಂದು ಸಿಲಿಂಡರಿಲ್ಲದೆ ಹೊರಡಬಾರದು. 2. ಸುಮಾರು 40. 3. ಸುಮಾರು ಐದು ಪಟ್ಟು.